ಯಂತ್ರವು ಅಗ್ಗವಾಯಿತು, ಪಾಠವೆಲ್ಲಿ?

೨೦೨೫ನೆಯ ಇಸವಿಯ ಸೆಪ್ಟೆಂಬರ್ ೨೨ರಿಂದ, ರಕ್ತದೊಳಗಿನ ಸಕ್ಕರೆಯನ್ನು ಅಳೆಯುವ ಗ್ಲುಕೋಮೀಟರಿನ ಮೇಲೂ ಅದಕ್ಕೆ ಬೇಕಾಗುವ ಸ್ಟ್ರಿಪ್ಪುಗಳ ಮೇಲೂ ಇದ್ದ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ಇದು ರೋಗಿಗಳ ಮೇಲಿನ ಒಂದು ಭಾರವನ್ನು ಕಡಮೆ ಮಾಡಿದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕಾಗಿ ತೆರಿಗೆಯ ಮಂಡಲಿಯನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ. ಯಂತ್ರವನ್ನು ಒಮ್ಮೆ ಕೊಂಡರೆ ಕೆಲವು ವರ್ಷ ಬಾಳುವುದು. ಸ್ಟ್ರಿಪ್ಪನ್ನಾದರೋ ಒಂದು ಪರೀಕ್ಷೆಗೆ ಒಂದರಂತೆ ಬಳಸಿ ಎಸೆಯಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವ ರೋಗಿಯು ದಿನಕ್ಕೆ ನಾಲ್ಕು ಸಲ ಪರೀಕ್ಷಿಸಿಕೊಂಡರೆ ತಿಂಗಳಿಗೆ ೧೨೦ ಸ್ಟ್ರಿಪ್ಪುಗಳಾದವು. ಅಂಥ ಮನೆಯಲ್ಲಿ ನೂರಕ್ಕೆ ಏಳು ರೂಪಾಯಿ ಉಳಿದರೂ ಅದು ಹಾಲಿನ ಲೆಕ್ಕಕ್ಕೆ ಒದಗುವ ಹಣವೇ.

ಆದರೆ ಅಗ್ಗವಾದ ಯಂತ್ರವು ಮನೆಗೆ ಬಂದ ಮೇಲೆ ನಡೆಯುವುದೇನು? ಅದನ್ನು ಹಿಡಿಯುವ ಕೈಗೆ ಪಾಠ ಹೇಳುವವರಾರು? ಅದು ತೋರಿಸುವ ಅಂಕಿಯ ಅರ್ಥವನ್ನು ಬಿಡಿಸಿ ಹೇಳುವವರಾರು? ಈ ಪ್ರಶ್ನೆಗೆ ತೆರಿಗೆಯ ಕಡತದಲ್ಲಿ ಸ್ಥಳವಿಲ್ಲವೆಂಬುದು ಸರಿಯೇ. ಆದರೆ ಆರೋಗ್ಯ ಇಲಾಖೆಯ ಕಡತದಲ್ಲಿ ಅದಕ್ಕೆ ಮೊದಲನೆಯ ಸ್ಥಳವಿರಬೇಕಾಗಿತ್ತು. ಇರುವಂತೆ ಕಾಣುವುದಿಲ್ಲ.

ವಿಷಯವು ಅಲ್ಪವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ೧೧.೪ ಮಂದಿ, ಎಂದರೆ ೧೦ ಕೋಟಿಗೂ ಮಿಕ್ಕ ಜನರು, ಮಧುಮೇಹಿಗಳು, ಇನ್ನು ೧೩.೬ ಕೋಟಿ ಜನರು ಆ ರೋಗದ ಹೊಸ್ತಿಲಲ್ಲಿ ನಿಂತಿರುವರು. ಇದು ಪಟ್ಟಣದ ಶ್ರೀಮಂತರ ಕಾಯಿಲೆ, ಮೈಮುರಿದು ದುಡಿಯುವ ಹಳ್ಳಿಗನಿಗೆ ಇದರ ಗೊಡವೆಯಿಲ್ಲ ಎಂದು ಹೇಳುತ್ತಿದ್ದ ಕಾಲವು ಹೋಯಿತು. ಈ ರೋಗದ ಸ್ವಭಾವವೂ ಇತರ ರೋಗಗಳಂತಲ್ಲ. ವಿಷಮಜ್ವರದ ರೋಗಿಯು ವೈದ್ಯನು ಕೊಟ್ಟ ಮದ್ದನ್ನು ನುಂಗಿ ಮಲಗಿದರೆ ಸಾಕು. ಮಧುಮೇಹಿಯು ವರ್ಷದ ೩೬೫ ದಿನವೂ ತನಗೆ ತಾನೇ ವೈದ್ಯನಾಗಬೇಕು. ವೈದ್ಯರು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವರು. ಉಳಿದ ಕಾಲವೆಲ್ಲ ರೋಗಿಯ ಪಾಲಿನದೇ. ಇಂಥವನಿಗೆ ಅಳತೆಯ ಸಾಧನವನ್ನು ಕೊಟ್ಟು ಅಳೆಯುವ ವಿದ್ಯೆಯನ್ನು ಕೊಡದಿರುವುದು ಎಂಥ ನ್ಯಾಯ?

ತಾಲ್ಲೂಕು ಪಟ್ಟಣದಲ್ಲಿರುವ ಒಬ್ಬ ನಿವೃತ್ತ ಉಪಾಧ್ಯಾಯರನ್ನು ವಾಚಕರು ಕಲ್ಪಿಸಿಕೊಳ್ಳಲಿ. ಬೆಂಗಳೂರಿನಲ್ಲಿರುವ ಮಗನು ಪ್ರೀತಿಯಿಂದ ಒಂದು ಗ್ಲುಕೋಮೀಟರನ್ನು ಕಳುಹಿಸಿರುವನು. ವೈಶಾಖದ ಒಂದು ಮಧ್ಯಾಹ್ನ ಮೊಮ್ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟು, ಕೈಯನ್ನು ಪಂಚೆಗೆ ಒರಸಿಕೊಂಡು, ಬೆರಳು ಚುಚ್ಚಿ ನೋಡುತ್ತಾರೆ. ಯಂತ್ರವು ೨೮೦ ಎಂದು ತೋರಿಸುವುದು. ಗಾಬರಿಯಿಂದ ಇನ್ನೊಂದು ಗುಳಿಗೆ ನುಂಗುವರು, ರಾತ್ರಿಯ ಊಟವನ್ನು ಬಿಡುವರು. ನಡುರಾತ್ರಿಯಲ್ಲಿ ಮೈ ಬೆವರಿ, ಕೈ ನಡುಗಿ, ಮಾತು ತೊದಲಿ, ಮನೆಯವರು ಪಾರ್ಶ್ವವಾಯುವಾಯಿತೆಂದು ಅಳತೊಡಗುವರು. ಆದುದಿಷ್ಟೇ: ೨೮೦ ಇದ್ದುದು ಅವರ ರಕ್ತದಲ್ಲಿ ಅಲ್ಲ, ಬೆರಳ ಮೇಲಿದ್ದ ಮಾವಿನ ರಸದಲ್ಲಿ. ಇದು ನಮ್ಮ ಕಲ್ಪನೆಯ ಮಾತಲ್ಲ. ಜಪಾನಿನ ವೈದ್ಯರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣುಗಳನ್ನು ಸುಲಿದ ಕೈಯಿಂದ ರಕ್ತ ತೆಗೆದು ಪರೀಕ್ಷಿಸಿ, ಆರೋಗ್ಯವಂತರಲ್ಲಿಯೂ ಅಂಕಿಯು ವಿಪರೀತವಾಗಿ ಏರುವುದೆಂದು ೨೦೧೧ರಲ್ಲಿಯೇ ಪ್ರಕಟಿಸಿರುವರು. ಸ್ಪಿರಿಟಿನ ಹತ್ತಿಯಿಂದ ಒರಸಿದರೂ ಅದು ಪೂರ್ತಿ ಹೋಗಲಿಲ್ಲ. ನೀರಿನಿಂದ ತೊಳೆದಾಗ ಮಾತ್ರ ಹೋಯಿತು. ಚೆಂಬು ನೀರಿನ ಪಾಠ! ಅದನ್ನು ಹೇಳುವುದಕ್ಕೆ ಅರೆನಿಮಿಷ ಸಾಕು. ಹೇಳದಿದ್ದರೆ ಅದರ ಬೆಲೆ ಒಂದು ಜೀವವೂ ಆಗಬಹುದು.

ಇಂಥ ಸಣ್ಣ ಸಣ್ಣ ಸಂಗತಿಗಳೇ ಈ ವಿದ್ಯೆಯ ತಿರುಳು. ಬೆರಳ ತುದಿಯ ನಡುವೆ ಚುಚ್ಚಿದರೆ ನೋವು ಹೆಚ್ಚು, ಪಕ್ಕದಲ್ಲಿ ಚುಚ್ಚಬೇಕು. ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಮನೆಯ ಮತ್ತೊಬ್ಬರು ಮುಟ್ಟಲಾಗದು. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ತೇವವು ಸೇರಿ ಅದು ಕೆಡುವುದು; ಸಾಮಾನ್ಯವಾಗಿ ೩೦ ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಅದನ್ನು ಇಡಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುವುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರುಗಳ ತಗಡಿನ ಮನೆಯಲ್ಲಿರುವ ರೋಗಿಯು ಅದನ್ನೆಲ್ಲಿ ಇಡಬೇಕು? ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ, ಮುಚ್ಚಳ ಬಿಗಿದು, ತೇವ ತಾಗದಂತೆ ಎಂದು ಹೇಳುವವರು ಬೇಕಲ್ಲವೇ? ಇನ್ನೊಂದುಂಟು. ರಕ್ತಹೀನತೆಯು ಹೆಚ್ಚಾಗಿದ್ದವರಲ್ಲಿ ಕೆಲವು ಗ್ಲುಕೋಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುವು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರು. ಎಲ್ಲರಲ್ಲಿಯೂ ಅದು ಅಂಕಿಯನ್ನು ಕೆಡಿಸುವಷ್ಟು ತೀವ್ರವಾಗಿರದು. ಆದರೂ ಪರದೇಶದಲ್ಲಿ ಮುದ್ರಿತವಾದ ಕೈಪಿಡಿಯಲ್ಲಿ ಒಂದು ಮೂಲೆಯ ಟಿಪ್ಪಣಿಯಾಗಿರುವ ಸಂಗತಿಯು ನಮ್ಮಲ್ಲಿ ಮೊದಲ ಪುಟಕ್ಕೆ ಬರಬೇಕಾದುದು.

ಯಂತ್ರವಿಲ್ಲದ ಕಾಲದಲ್ಲಿ ಪಾಠವು ಇದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ೧೯೨೨ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಇನ್ಸುಲಿನನ್ನು ಮೊದಲ ಬಾರಿಗೆ ರೋಗಿಗೆ ಚುಚ್ಚುವುದಕ್ಕೂ ನಾಲ್ಕು ವರ್ಷ ಮುಂಚೆ, ೧೯೧೮ರಲ್ಲಿ, ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನರು ರೋಗಿಗಳಿಗಾಗಿಯೇ ಒಂದು ಕೈಪಿಡಿಯನ್ನು ಬರೆದು ಪ್ರಕಟಿಸಿದ್ದರು. ಅವರ ಚಿಕಿತ್ಸಾಲಯದಲ್ಲಿ ದಾದಿಯರೇ ಉಪಾಧ್ಯಾಯಿನಿಯರು. ಆಗ ಸಾಧನವೆಂದರೆ ಒಂದು ಗಾಜಿನ ನಳಿಗೆ, ಒಂದು ದೀಪ, ಬೆನೆಡಿಕ್ಟ್ ದ್ರಾವಣ. ಎಂಟು ಹನಿ ಮೂತ್ರವನ್ನು ಹಾಕಿ ಕುದಿಸಬೇಕು; ನೀಲಿ ಬಣ್ಣವು ಹಾಗೆಯೇ ಉಳಿದರೆ ಸಕ್ಕರೆಯಿಲ್ಲ; ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು ಎಂದು ಸಕ್ಕರೆಯು ಏರಿದಂತೆ ಬಣ್ಣವೂ ಏರುವುದು. ನಮ್ಮ ಹಿರಿಯರ ಮನೆಗಳಲ್ಲಿಯೂ ಈ ನಳಿಗೆಯನ್ನು ಕಂಡವರು ಇನ್ನೂ ಇರಬಹುದು. ಆ ಪರೀಕ್ಷೆಯು ಒರಟಾದುದು. ರಕ್ತದಲ್ಲಿ ಸಕ್ಕರೆಯು ಸುಮಾರು ೧೮೦ನ್ನು ದಾಟಿದ ಮೇಲಲ್ಲದೆ ಮೂತ್ರದಲ್ಲಿ ಕಾಣಿಸಿಕೊಳ್ಳದು. ಸಕ್ಕರೆಯು ಅಪಾಯಕರವಾಗಿ ಇಳಿದಿರುವುದನ್ನಂತೂ ಅದು ಹೇಳಲಾರದು. ಆದರೆ ಕಲಿಸದೆ ಅದನ್ನು ಯಾರ ಕೈಗೂ ಕೊಡುವಂತಿರಲಿಲ್ಲ. ೧೯೭೦ರ ಸುಮಾರಿಗೆ ರಕ್ತವನ್ನಳೆಯುವ ಮೊದಲ ಯಂತ್ರವು ಬಂದಿತು. ೧೯೮೭ರ ವೇಳೆಗೆ ಅದು ಲೇಖನಿಯಷ್ಟು ಕಿರಿದಾಯಿತು. ಯಂತ್ರವು ಸುಲಭವಾದಂತೆಲ್ಲ ಪಾಠವು ಬೇಕಿಲ್ಲವೆಂಬ ಭ್ರಮೆಯೂ ಬೆಳೆಯಿತು.

ಭ್ರಮೆಯೆಂದು ನಾವು ಬರಿದೆ ಹೇಳುತ್ತಿಲ್ಲ. ಇನ್ಸುಲಿನ್ ತೆಗೆದುಕೊಳ್ಳದ ರೋಗಿಗಳಿಗೆ ಗ್ಲುಕೋಮೀಟರು ಕೊಟ್ಟು ನೋಡಿದ ಪ್ರಯೋಗವೊಂದು ಇಂಗ್ಲೆಂಡಿನಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾಯಿತು. ಅಮೆರಿಕದ ಉತ್ತರ ಕೆರೊಲೈನಾದಲ್ಲಿ ನಡೆದ ಇನ್ನೊಂದು ೨೦೧೭ರಲ್ಲಿ ಪ್ರಕಟವಾಯಿತು. ಎರಡರಲ್ಲಿಯೂ ತಲಾ ೪೫೦ರಷ್ಟು ರೋಗಿಗಳು. ವರ್ಷದ ಕೊನೆಗೆ ನೋಡಿದರೆ, ಯಂತ್ರವಿದ್ದವರಿಗೂ ಇಲ್ಲದವರಿಗೂ ಗಣನೀಯ ವ್ಯತ್ಯಾಸವಿಲ್ಲ! ಇದರಿಂದ ಕೆಲವರು ಯಂತ್ರವೇ ವ್ಯರ್ಥವೆಂದು ತೀರ್ಮಾನಿಸಿದರು. ಆದರೆ ೨೦೧೧ರಲ್ಲಿ ಅಮೆರಿಕದಿಂದಲೇ ಪ್ರಕಟವಾದ ಬೇರೊಂದು ಪ್ರಯೋಗವನ್ನು ನೋಡಬೇಕು. ಅಲ್ಲಿ ೪೮೩ ರೋಗಿಗಳಲ್ಲಿ ಒಂದು ಪಂಗಡಕ್ಕೆ, ವೈದ್ಯರ ಬಳಿಗೆ ಹೋಗುವ ಮುನ್ನ ಮೂರು ದಿನ, ದಿನಕ್ಕೆ ಏಳು ಸಲ, ಊಟಕ್ಕೆ ಮುಂಚೆಯೂ ಅನಂತರವೂ ಅಳೆದು ಒಂದು ಕಾಗದದ ಮೇಲೆ ಗುರುತಿಸುವುದನ್ನು ಕಲಿಸಲಾಯಿತು. ಆ ಕಾಗದವನ್ನು ಓದುವುದನ್ನು ವೈದ್ಯರಿಗೂ ಕಲಿಸಲಾಯಿತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಪರೀಕ್ಷೆಯ ಅಂಕಿಯು ಆ ಪಂಗಡದಲ್ಲಿ ೧.೨ರಷ್ಟು ಇಳಿದರೆ ಇತರರಲ್ಲಿ ೦.೯ರಷ್ಟು ಮಾತ್ರ ಇಳಿಯಿತು. ಅಂತರವು ದೊಡ್ಡದಲ್ಲವೆನ್ನಬಹುದು, ಆದರೆ ಅದನ್ನು ತಂದುದು ಹೊಸ ಮದ್ದಲ್ಲ, ಹೊಸ ಯಂತ್ರವೂ ಅಲ್ಲ. ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಜರ್ಮನಿಯ ಡ್ಯುಸೆಲ್‌ಡಾರ್ಫಿನಿಂದ ಬಂದುದು. ಅಲ್ಲಿಯ ವೈದ್ಯರು ಇನ್ಸುಲಿನ್ ಬಳಸುವವರಿಗೆ ಐದು ದಿನದ ಪಾಠಕ್ರಮವನ್ನು ಏರ್ಪಡಿಸಿದ್ದರು. ಬ್ರಿಟನ್ನಿನವರು ಅದನ್ನು ತಮ್ಮಲ್ಲಿಗೆ ತಂದು ೧೬೯ ರೋಗಿಗಳಲ್ಲಿ ಪರೀಕ್ಷಿಸಿ ೨೦೦೨ರಲ್ಲಿ ಫಲವನ್ನು ಪ್ರಕಟಿಸಿದರು. ಆರು ತಿಂಗಳಲ್ಲಿ, ಪಾಠ ಕಲಿತವರ ಸರಾಸರಿಯು ೮.೪ ಆಗಿದ್ದಿತು; ಕಲಿಯದವರದು ೯.೪. ಒಂದು ಅಂಶವಿಡೀ ಇಳಿಯುವುದೆಂದರೆ ಒಂದು ಒಳ್ಳೆಯ ಮದ್ದು ಮಾಡುವಷ್ಟು ಕೆಲಸ. ಇಲ್ಲಿ ಮದ್ದಾದುದು ಪಾಠ.

ಈಗ ಬೆರಳು ಚುಚ್ಚದೆ ಅಳೆಯುವ ಸಾಧನವೂ ಬಂದಿರುವುದು. ತೋಳಿಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ. ಅದರ ಕೂದಲಿನಂಥ ತಂತುವು ಚರ್ಮದ ಕೆಳಗಿನ ದ್ರವದಲ್ಲಿದ್ದು ಹಗಲಿರುಳೂ ಸಕ್ಕರೆಯನ್ನು ಅಳೆದು ಮೊಬೈಲಿಗೆ ತಿಳಿಸುವುದು. ಇದನ್ನು ಸೆನ್ಸರ್ ಎಂದು ಕರೆಯುವರು. ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಬದಲಾಯಿಸಬೇಕು. ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ಬ್ರಿಟನ್ನಿನಲ್ಲಿ, ಮೊದಲನೆಯ ವರ್ಗದ ಮಧುಮೇಹವುಳ್ಳ ವಯಸ್ಕರಿಗೆಲ್ಲ ಇದನ್ನು ಒದಗಿಸಬೇಕೆಂದು ೨೦೨೨ರಲ್ಲಿ ಅಧಿಕೃತ ಸಲಹೆಯಾಗಿರುವುದು. ಸಾಧನವು ಅದ್ಭುತವಾದುದೇ. ಆದರೆ ಇಲ್ಲಿ ಪಾಠದ ಅಗತ್ಯವು ಇಮ್ಮಡಿಯಾಗುವುದೇ ಹೊರತು ಕಡಮೆಯಾಗದು. ಸೆನ್ಸರು ಅಂಕಿಯೊಡನೆ ಒಂದು ಬಾಣದ ಗುರುತನ್ನೂ ತೋರಿಸುವುದು. ೧೦೦ ಎಂಬ ಅಂಕಿಯ ಪಕ್ಕದಲ್ಲಿ ಬಾಣವು ಮಲಗಿದ್ದರೆ ರೋಗಿಯು ನಿಶ್ಚಿಂತನಾಗಿ ಮಲಗಬಹುದು. ಅದೇ ೧೦೦ರ ಪಕ್ಕದಲ್ಲಿ ಬಾಣವು ನೆಟ್ಟಗೆ ಕೆಳಮುಖವಾಗಿದ್ದರೆ, ಅರ್ಧ ಗಂಟೆಯೊಳಗೆ ಅವನು ಪ್ರಜ್ಞೆ ತಪ್ಪುವ ದಾರಿಯಲ್ಲಿರುವನೆಂದು ತಿಳಿಯಬೇಕು. ಕಲಿಯದವನಿಗೆ ಎರಡೂ ಒಂದೇ. ಎರಡನ್ನು ನೋಡಿಯೂ ಸಂತೋಷಪಟ್ಟು ದೀಪವಾರಿಸುವನು. ಚರ್ಮದ ಕೆಳಗಿನ ದ್ರವವು ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುವುದರಿಂದ, ಸಕ್ಕರೆಯು ಬೇಗನೆ ಏರಿಳಿಯುವಾಗ ಸೆನ್ಸರಿನ ಅಂಕಿಯೂ ಬೆರಳಿನ ಅಂಕಿಯೂ ಹೊಂದುವುದಿಲ್ಲ. ತೋಳಿನ ಮೇಲೆ ಒರಗಿ ಮಲಗಿದರೆ ಬಿಲ್ಲೆಯು ಒತ್ತಿ, ಇಲ್ಲದ ಇಳಿತವನ್ನು ತೋರಿಸಿ ನಡುರಾತ್ರಿಯಲ್ಲಿ ಕೂಗಿಕೊಳ್ಳುವುದು. ಎರಡು ರಾತ್ರಿ ಹೀಗೆ ಎಬ್ಬಿಸಿದರೆ ಮೂರನೆಯ ರಾತ್ರಿ ಮನೆಯವರು ಅದರ ಬಾಯಿ ಕಟ್ಟುವರು. ನಾಲ್ಕನೆಯ ರಾತ್ರಿಯ ಇಳಿತವು ನಿಜವಾದುದಾಗಿರಬಹುದು.

ಇನ್ನೊಂದು ಕಡೆ, ಬೆಂಗಳೂರಿನಂಥ ನಗರಗಳಲ್ಲಿ ರೋಗವೇ ಇಲ್ಲದ ತರುಣರು ಇದೇ ಬಿಲ್ಲೆಯನ್ನು ಆಭರಣದಂತೆ ತೋಳಿಗೆ ಅಂಟಿಸಿಕೊಂಡು, ಇಡ್ಲಿ ತಿಂದರೆ ಎಷ್ಟು ಏರಿತು, ದೋಸೆ ತಿಂದರೆ ಎಷ್ಟು ಏರಿತು ಎಂದು ಲೆಕ್ಕ ಹಾಕುತ್ತಿರುವರು. ಅವರ ಹಣ, ಅವರ ಕುತೂಹಲ, ನಮ್ಮ ಆಕ್ಷೇಪವಿಲ್ಲ. ಆದರೆ ಇನ್ಸುಲಿನ್ ಇಲ್ಲದೆ ಬದುಕಲಾರದ ಹತ್ತು ವರ್ಷದ ಹುಡುಗಿಗೆ ದಿನಕ್ಕೆರಡು ಸ್ಟ್ರಿಪ್ಪು ಸಿಗದ ನಾಡಿನಲ್ಲಿ ಈ ದೃಶ್ಯವು ಕಣ್ಣಿಗೆ ಒತ್ತುವುದೆಂದು ಹೇಳದಿರಲಾರೆವು. ಚರ್ಮವನ್ನು ಭೇದಿಸದೆಯೇ ಸಕ್ಕರೆಯನ್ನು ಅಳೆಯುವುದೆಂದು ಹೇಳಿಕೊಳ್ಳುವ ಕೈಗಡಿಯಾರ, ಉಂಗುರಗಳೂ ಮಾರಾಟವಾಗುತ್ತಿರುವುವು. ಅಂಥವನ್ನು ನಂಬಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೨೪ರ ಫೆಬ್ರವರಿಯಲ್ಲಿ ಎಚ್ಚರಿಸಿದ್ದಿತು. ಗಡಿಯಾರದ ಅಂಕಿಯನ್ನು ನಂಬಿ ಇನ್ಸುಲಿನ್ ಚುಚ್ಚಿಕೊಳ್ಳುವವನ ಗತಿಯೇನು? ಯಾವುದು ಸಾಧನ, ಯಾವುದು ಆಟಿಕೆ ಎಂಬ ವಿವೇಕವೂ ಕಲಿಸಬೇಕಾದ ಪಾಠದ ಭಾಗವೇ.

ನಮ್ಮ ಜನರು ಇದನ್ನೆಲ್ಲ ಕಲಿಯಲಾರರು, ಅವರಿಗೆ ಅಕ್ಷರವೇ ಬಾರದು ಎಂದು ಹೇಳುವವರುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಮಂಡ್ಯ, ಹಾಸನ, ಕೋಲಾರಗಳ ಯಾವುದಾದರೊಂದು ಹಾಲಿನ ಸಂಘದ ಮುಂದೆ ಬೆಳಗಿನ ಜಾವ ಹೋಗಿ ನಿಲ್ಲಿರಿ. ಕ್ಯಾನು ಹಿಡಿದು ಬಂದ ಹೆಣ್ಣುಮಗಳು, ತನ್ನ ಹಾಲಿನ ಕೊಬ್ಬು ಎಷ್ಟು ಬಂದಿತೆಂದು ಯಂತ್ರದ ಅಂಕಿಯನ್ನು ನೋಡುವಳು, ನಿನ್ನೆ ೪.೨ ಬಂದುದು ಇಂದು ೩.೬ಕ್ಕೆ ಏಕೆ ಇಳಿಯಿತೆಂದು ಕಾರ್ಯದರ್ಶಿಯೊಡನೆ ವಾದಿಸುವಳು. ಹಸುವಿಗೆ ಹಾಕಿದ ಮೇವಿನಲ್ಲಿ ಏನು ವ್ಯತ್ಯಾಸವಾಯಿತೆಂದು ದಾರಿಯುದ್ದಕ್ಕೂ ಯೋಚಿಸುವಳು. ಅಂಕಿ, ಅದರ ಕಾರಣ, ಅದಕ್ಕೆ ಪರಿಹಾರ: ಗ್ಲುಕೋಮೀಟರಿನ ವಿದ್ಯೆಯು ಇದಕ್ಕಿಂತ ಬೇರೆಯೇ? ಹಸುವಿನ ಹಾಲಿನ ಲೆಕ್ಕವನ್ನು ಬಲ್ಲವಳು ತನ್ನ ರಕ್ತದ ಲೆಕ್ಕವನ್ನು ಕಲಿಯಲಾರಳೆನ್ನುವುದು ಕಲಿಸಲು ಮನಸ್ಸಿಲ್ಲದವರ ನೆಪವು.

ವೈದ್ಯರಿಗೆ ಹೊತ್ತಿಲ್ಲವೆಂಬುದು ಎರಡನೆಯ ಆಕ್ಷೇಪ. ಇದು ನಿಜ. ದಿನಕ್ಕೆ ನೂರು ರೋಗಿಗಳನ್ನು ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಲೆ ಈ ಹೊರೆಯನ್ನೂ ಹೊರಿಸಬೇಕೆಂದು ನಾವು ಹೇಳುವುದಿಲ್ಲ. ಜಾಸ್ಲಿನರು ನೂರು ವರ್ಷದ ಹಿಂದೆ ಕಂಡುಕೊಂಡಂತೆ ಇದು ದಾದಿಯರ ಕೆಲಸವಾಗಬಲ್ಲದು. ಕರ್ನಾಟಕ ಸರಕಾರವು ೨೦೨೪ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಅನಂತರ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ, ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವರು. ಬಾಗಿಲವರೆಗೆ ಹೋದವರು ಹತ್ತು ನಿಮಿಷ ಕುಳಿತು, ಪರೀಕ್ಷಿಸುವುದರೊಡನೆ ಕಲಿಸಿಯೂ ಬರಲೆಂದು ನಾವು ಕೇಳುವುದು ಅತಿಯಾದುದೇ? ಈಗ ನಡೆಯುತ್ತಿರುವುದು ಶೋಧನೆ. ರೋಗವಿದೆಯೆಂದು ಹೇಳಿ, ಗುಳಿಗೆ ಕೊಟ್ಟು, ಮುಂದಿನ ಮನೆಗೆ ಹೋಗುವುದು. ನೆರೆಯ ಕೇರಳವು ೨೦೧೮ರಲ್ಲಿ ಆರಂಭಿಸಿದ ‘ಮಿಠಾಯಿ’ ಎಂಬ ಯೋಜನೆಯಲ್ಲಿ, ಮೊದಲನೆಯ ವರ್ಗದ ಮಧುಮೇಹವುಳ್ಳ ಮಕ್ಕಳಿಗೆ ಇನ್ಸುಲಿನ್ನು ಅಳತೆಯ ಸಾಧನಗಳೊಡನೆ ಶಿಕ್ಷಣವನ್ನೂ ಸೇರಿಸಿ ಕೊಡಲಾಗುತ್ತಿರುವುದು. ಸಿಹಿಯನ್ನು ದೂರವಿಡಬೇಕಾದ ಮಕ್ಕಳ ಯೋಜನೆಗೆ ಆ ಹೆಸರನ್ನಿಟ್ಟವರ ಹೃದಯವನ್ನು ಮೆಚ್ಚಬೇಕು.

ಕಲಿಸುವ ಭಾಷೆಯ ಮಾತೂ ಉಂಟು. ಯಂತ್ರದ ಪೆಟ್ಟಿಗೆಯೊಳಗಿನ ಕಾಗದವು ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿರುವುದು. ಸಕ್ಕರೆಯಿಂದಲೇ ಕಣ್ಣು ಮಂಜಾದವನು ಅದನ್ನು ಓದಬೇಕು! ಅದನ್ನು ಕನ್ನಡಿಸಲು ಹೊರಟವರಲ್ಲಿ ಕೆಲವರು ಶಬ್ದಕೋಶವನ್ನು ಮುಂದಿಟ್ಟುಕೊಂಡು ಸಮಾಸಗಳನ್ನು ಕಟ್ಟುವರು. ಸಂಸ್ಕೃತ ಪದಗಳ ಮೋಹವು ನಮಗೂ ಇಲ್ಲದಿಲ್ಲವೆಂದು ವಾಚಕರು ಬಲ್ಲರು. ಆದರೆ ಬೆವರಿ ನಡುಗುತ್ತಿರುವವನ ಮುಂದೆ ‘ಅಲ್ಪರಕ್ತಶರ್ಕರತೆ’ ಎಂದರೆ ಅವನು ಎರಡು ಕಾಯಿಲೆಯಾಯಿತೆಂದು ಹೆದರುವನು. ಜನರು ‘ಶುಗರ್ ಇಳಿಯಿತು’ ಎನ್ನುವರು. ಅದನ್ನೇ ಬರೆಯಲಿ. ಊಟದ ಉದಾಹರಣೆಯೂ ರೊಟ್ಟಿ, ಮುದ್ದೆ, ಅನ್ನಗಳದಾಗಿರಲಿ. ಪರದೇಶದ ಚಿತ್ರಪಟದ ಬ್ರೆಡ್ಡಿನ ಹೋಳಿನಿಂದ ನಮ್ಮ ರೈತನು ಏನನ್ನೂ ಕಲಿಯನು.

ಮೊದಲನೆಯ ಪಾಠವಾವುದೆಂಬ ವಿಷಯದಲ್ಲಿ ನಮಗೆ ಸಂಶಯವಿಲ್ಲ. ಅಂಕಿಯು ೭೦ಕ್ಕಿಂತ ಕೆಳಗಿಳಿದಾಗ ಮಾಡಬೇಕಾದುದೇ ಅದು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಕಾದು, ಮತ್ತೆ ಅಳೆಯಬೇಕು. ಏರದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ರೋಗಿಗೆ ಮಾತ್ರವಲ್ಲ, ಅವನ ಹೆಂಡತಿಗೆ, ಮಕ್ಕಳಿಗೆ, ಶಾಲೆಯ ಉಪಾಧ್ಯಾಯರಿಗೆ ಕಲಿಸಬೇಕು. ಏತಕ್ಕೆಂದರೆ ಆ ಗಳಿಗೆಯಲ್ಲಿ ರೋಗಿಯ ಬುದ್ಧಿಯೇ ಅವನ ಕೈಯಲ್ಲಿರುವುದಿಲ್ಲ. ೧೯೯೩ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ೧,೪೪೧ ರೋಗಿಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರ ಕಣ್ಣಿನ ಬಾಧೆಯ ಸಂಭವವು ನೂರಕ್ಕೆ ೭೬ರಷ್ಟು ಕಡಮೆಯಾಯಿತೆಂದು ಎಲ್ಲರೂ ಉದ್ಧರಿಸುವರು. ಅವರಲ್ಲಿಯೇ ಸಕ್ಕರೆಯ ತೀವ್ರ ಇಳಿತವು ಮೂರು ಪಾಲಾಯಿತೆಂಬುದನ್ನು ಉದ್ಧರಿಸುವವರು ಕಡಮೆ. ಆ ರೋಗಿಗಳಿಗೆ ದಾದಿಯರೂ ಪಥ್ಯ ಹೇಳುವವರೂ ತಿಂಗಳು ತಿಂಗಳೂ ಬೆಂಬಲವಾಗಿದ್ದರು. ನಮ್ಮವರಿಗೆ ಯಾರಿರುವರು?

ಸಮುದಾಯ ಆರೋಗ್ಯ ಕೇಂದ್ರಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ಸಲಹೆಗಾರರೊಬ್ಬರಿರಬೇಕೆಂದು ರಾಷ್ಟ್ರೀಯ ಕಾರ್ಯಕ್ರಮದ ನಿಯಮವೇ ಹೇಳುವುದು. ಆ ಹುದ್ದೆಗಳು ಎಲ್ಲೆಲ್ಲಿ ಖಾಲಿ ಇರುವುವೋ ಅವನ್ನು ತುಂಬಿ, ಅಲ್ಲಿರುವವರಿಗೆ ಈ ಸಾಧನಗಳ ಪಾಠವನ್ನು ಹೇಳುವ ತರಬೇತಿಯನ್ನು ಕೊಟ್ಟು, ವಾರಕ್ಕೊಂದು ನಿಶ್ಚಿತ ದಿನವನ್ನು ಅದಕ್ಕಾಗಿ ಗೊತ್ತುಮಾಡಬೇಕು. ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳ ಕೆಲಸದ ಲೆಕ್ಕದಲ್ಲಿ, ಎಷ್ಟು ಜನರ ಬೆರಳು ಚುಚ್ಚಿದರೆಂಬುದರ ಪಕ್ಕದಲ್ಲಿ, ಎಷ್ಟು ಜನರು ತಮ್ಮ ಬೆರಳನ್ನು ತಾವೇ ಚುಚ್ಚಿಕೊಂಡು ಅಂಕಿಯ ಅರ್ಥವನ್ನು ಹೇಳಬಲ್ಲವರಾದರೆಂಬುದಕ್ಕೂ ಒಂದು ಅಂಕಣವಿರಬೇಕು. ಇನ್ಸುಲಿನ್ ಪಡೆಯುವ ಬಡವರಿಗೆ, ಮುಖ್ಯವಾಗಿ ಮಕ್ಕಳಿಗೂ ಬಸುರಿಯರಿಗೂ, ಸ್ಟ್ರಿಪ್ಪುಗಳನ್ನು ಇನ್ಸುಲಿನ್ನಿನೊಡನೆಯೇ ಉಚಿತವಾಗಿ ಕೊಡಬೇಕು. ಇದಕ್ಕೆ ತಗಲುವ ಹಣವನ್ನು ಆರೋಗ್ಯ ಸಚಿವರು ಮುಂದಿನ ಆಯವ್ಯಯ ಪತ್ರದಲ್ಲಿ ಪ್ರತ್ಯೇಕವಾದ ಬಾಬತ್ತಿನಲ್ಲಿಯೇ ತೋರಿಸಲಿ. ಮದ್ದಿನ ಬಾಬತ್ತಿನೊಳಗೆ ಸೇರಿಸಿದರೆ ವರ್ಷದ ಕೊನೆಗೆ ಗುಳಿಗೆಗಳಿಗೇ ಅದೆಲ್ಲ ಮುಗಿದುಹೋಗಿರುವುದು.